ಸಂಡೂರಿನ ಗಣಿದಾರಿಗೆ ಮಕ್ಕಳ ಜೀಪು ಬೇಡ

ದೀಪಾವಳಿ ರಜೆ ಮುಗಿಯುತ್ತಲೇ ಸೊಲ್ಲಾಪುರ, ಅಕ್ಕಲಕೋಟೆಯ ನಮ್ಮ ಕನ್ನಡ ಶಾಲೆಗಳಲ್ಲಿ ಸಹಲಿನ ಮಾತು ಶುರುವಾಗುತ್ತದೆ. ವಿಜಯಪುರ, ಹುನಗುಂದ, ಹೊಸಪೇಟೆ ದಾರಿ ಹಿಡಿದು ಹಂಪಿ ನೋಡುವುದು ಹಳೆಯ ರೂಢಿ. ಈಗ ಕೆಲವು ಪಾಲಕರು ಇನ್ನೊಂದನ್ನು ಸೇರಿಸುತ್ತಾರೆ: ಹಂಪಿಯಿಂದ ಸಂಡೂರು ಹತ್ತಿರ, ಅಲ್ಲಿನ ಹಳೆಯ ಗಣಿದಾರಿಗಳಲ್ಲಿ ಮಕ್ಕಳನ್ನು ಜೀಪಿನಲ್ಲಿ ಗುಡ್ಡ ಹತ್ತಿಸೋಣ. ಮೊಬೈಲಿನಲ್ಲಿ ವಿಡಿಯೋ ನೋಡಿದ ಹುಡುಗರ ಹಟವೂ ಅದೇ.

ಸಂಡೂರಿಗೆ ಹೋಗಲೇಬೇಕು ಎನ್ನುವವರು ನಾವು. ಕಾರಣ ಮಾತ್ರ ಬೇರೆ. ನಮ್ಮ ಅಕ್ಕಲಕೋಟೆ ಭೋಸಲೆ ಅರಸರ ಸಂಸ್ಥಾನ, ಜನರ ಮಾತು ಕನ್ನಡ. ಸಂಡೂರು ಅಪ್ಪಟ ಕನ್ನಡ ನೆಲ, ಆಳಿದವರು ಮರಾಠಾ ಘೋರ್ಪಡೆಯವರು. ಗಡಿ ಎಂದರೇನೆಂದು ಪಾಠ ಹೇಳಲು ಇದಕ್ಕಿಂತ ಒಳ್ಳೆಯ ಜೋಡಿ ನಮಗೆ ಸಿಕ್ಕಿಲ್ಲ.

ಜೀಪಿನ ಮಾತಿಗೆ ಮಾತ್ರ ನಮ್ಮ ಒಪ್ಪಿಗೆಯಿಲ್ಲ. ಗಣಿದಾರಿ ಊರದಾರಿಯಂತಲ್ಲ. ಅದಿರು ತೆಗೆದು ಬೇಡವಾದ ಮಣ್ಣುಕಲ್ಲನ್ನು ಇಳಿಜಾರಿಗೆ ಸುರಿದಿರುತ್ತಾರೆ. ದಾರಿ ಎಷ್ಟೋ ಕಡೆ ಆ ರಾಶಿಗಳ ಅಂಚಿನಲ್ಲೇ ಹೋಗುತ್ತದೆ. ಮಳೆನೀರು ಕುಡಿದ ರಾಶಿ ಮೇಲೆ ಗಟ್ಟಿ ಕಂಡರೂ ಒಳಗೆ ಸಡಿಲ. ಹತ್ತು ಮಕ್ಕಳನ್ನು ತುಂಬಿದ ಜೀಪು ಅಲ್ಲಿ ಜಾರಿದರೆ ಯಾರು ಉತ್ತರ ಹೇಳಬೇಕು? ಇನ್ನು ಗಾಲಿ ಕೊರೆದ ಗೆರೆ ಮಳೆಗಾಲದಲ್ಲಿ ಕೊರಕಲಾಗುತ್ತದೆ, ಕೆಂಪು ಹೂಳು ಹಳ್ಳಕ್ಕಿಳಿಯುತ್ತದೆ. ಕೆಳಗೆ ನಾರಿಹಳ್ಳ ಜಲಾಶಯವಿದೆ. ನೀರಿಗಾಗಿ ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಂತವರು ನಾವು. ಬೇರೆಯವರ ಕೆರೆಗೆ ಹೂಳು ಹಾಕಬಾರದು.

"ದಾರಿ ಇದೆಯಲ್ಲ ಸರ್" ಎನ್ನುತ್ತಾರೆ. ದಾರಿ ಇದ್ದ ಮಾತ್ರಕ್ಕೆ ಪರವಾನಗಿ ಸಿಕ್ಕಂತಲ್ಲ. ಕಾಯ್ದಿಟ್ಟ ಅರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿ ಬೇಕು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. 2012ರಿಂದ ಕೆಲವು ಗಣಿ ಮತ್ತೆ ತೆರೆದವು, ತೀರ ಅಕ್ರಮ ನಡೆಸಿದವುಗಳ ಗುತ್ತಿಗೆ 2013ರಲ್ಲಿ ರದ್ದಾಯಿತು. ಕೆಟ್ಟ ಗುಡ್ಡ ಸುಧಾರಿಸಲು ರಾಶಿಗಳ ಮೇಲೆ ಗಿಡ ನೆಡುವುದು, ಹೂಳು ತಡೆಯಲು ಅಡ್ಡಗಟ್ಟೆ ಕಟ್ಟುವುದು ಗಣಿಯವರಿಗೆ ಕಡ್ಡಾಯವಾಯಿತು. ಅಂಥ ಎಳೆ ಗಿಡಗಳ ಮೇಲೆ ಸಾಹಸದ ಹೆಸರಿನಲ್ಲಿ ಗಾಲಿ ಓಡಿಸಿ, ಮರುದಿನ ವರ್ಗದಲ್ಲಿ ಪರಿಸರದ ಪಾಠ ಹೇಗೆ ಹೇಳುವುದು?

ಕುಮಾರಸ್ವಾಮಿ ದೇವಸ್ಥಾನದವರೆಗೆ ರಸ್ತೆಯೇ ಇದೆ. ಬಸ್ಸಿನಲ್ಲಿ ಹೋಗಿ, ಇಳಿದು ನಡೆಯೋಣ. ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡರಾಯಿತು. ಕಡಿದ ಗುಡ್ಡ, ಕಡಿಯದ ಗುಡ್ಡ ಎರಡನ್ನೂ ಮಕ್ಕಳು ರಸ್ತೆಯಿಂದಲೇ ನೋಡಲಿ, ವಹಿಯಲ್ಲಿ ಚಿತ್ರ ಬರೆಯಲಿ. ಉಳಿದ ಜೀಪಿನ ಬಾಡಿಗೆಯಲ್ಲಿ, ವರ್ಗಣಿ ಕೊಡಲಾಗದೆ ಹಿಂದೆ ಉಳಿಯುವ ಮಕ್ಕಳನ್ನೂ ಬಸ್ಸು ಹತ್ತಿಸಬಹುದು.