ಸುತ್ತಿನೊಳಗಣ ಸುತ್ತು

ಗಣಕಯಂತ್ರವು ದೋಷವನ್ನು ತೋರಿಸದಿದ್ದರೆ ಲೆಕ್ಕವು ಸರಿಯೆಂಬ ನಂಬಿಕೆ ವಿದ್ಯಾರ್ಥಿಗಳಲ್ಲಿ ಬಲವಾಗಿ ಬೇರೂರಿದೆ. ಈ ನಂಬಿಕೆಯನ್ನು ಕಿತ್ತುಹಾಕಬೇಕೆಂಬುದು ನಮ್ಮ ಅಭಿಪ್ರಾಯ. ಯಂತ್ರವು ನಾವು ಬರೆದುದನ್ನು ಮಾಡುತ್ತದೆಯೇ ಹೊರತು ನಾವು ಉದ್ದೇಶಿಸಿದುದನ್ನಲ್ಲ.

ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತವು. ಸುತ್ತಲ ಹಳ್ಳಿಗರು ಜ್ವರದಿಂದ ನರಳಿದರು. ಉಣುಗಿನ ಕಡಿತದಿಂದ ಬರುವ ಈ ವೈರಸ್ ರೋಗಕ್ಕೆ ವಿಜ್ಞಾನಿಗಳು ಆ ಕಾಡಿನ ಹೆಸರನ್ನೇ ಇಟ್ಟರು. ಜನರು ಮಂಗನ ಕಾಯಿಲೆಯೆಂದರು. ಈಗ ಸೊರಬ, ಶಿಕಾರಿಪುರ ಎಂಬ ಎರಡು ತಾಲ್ಲೂಕುಗಳಿಗೆ ಸತ್ತ ಮಂಗಗಳು, ಹಿಡಿದ ಉಣುಗುಗಳು, ಜ್ವರಪೀಡಿತರು ಎಂಬ ಮೂರು ಚರಾಂಶಗಳ ವರ್ಷದ ಮೊತ್ತವನ್ನು ‘ಆರ್’ ಭಾಷೆಯಲ್ಲಿ ತೆಗೆಯಬೇಕಾಗಿದೆಯೆಂದು ಭಾವಿಸೋಣ. ಹೊರಗಿನ ಲೂಪು ತಾಲ್ಲೂಕುಗಳ ಪಟ್ಟಿಯನ್ನೂ ಒಳಗಿನದು ಚರಾಂಶಗಳ ಪಟ್ಟಿಯನ್ನೂ ಸುತ್ತುತ್ತದೆ. ಉತ್ತರಗಳು 2 × 3 = 6 ಇರತಕ್ಕದ್ದು.

ಉತ್ತರಗಳನ್ನು ಒಳಲೂಪಿನ ಕ್ರಮಸಂಖ್ಯೆಯೊಂದರಿಂದಲೇ ಗುರುತಿಸಿ ಇಟ್ಟರೆ ಏನಾಗುತ್ತದೆ? ಎರಡನೆಯ ಸುತ್ತಿನಲ್ಲಿ ಶಿಕಾರಿಪುರದ ಅಂಕಿಗಳು ಸೊರಬದವುಗಳ ಮೇಲೆಯೇ ಕುಳಿತು ಅವನ್ನು ಅಳಿಸಿಬಿಡುತ್ತವೆ. ಉಳಿಯುವುದು ಮೂರೇ, ಯಂತ್ರವು ದೂರು ಹೇಳುವುದಿಲ್ಲ. ಮೊತ್ತವನ್ನು ಕೂಡಿಸುವ ಪೆಟ್ಟಿಗೆಯನ್ನು ಹೊರಲೂಪಿಗೂ ಮೊದಲೇ ಒಂದೇ ಸಲ ಸೊನ್ನೆ ಮಾಡಿದರೆ, ಸೊರಬದ ರೋಗಿಗಳು ಶಿಕಾರಿಪುರದ ಲೆಕ್ಕಕ್ಕೂ ಸೇರಿಬಿಡುತ್ತಾರೆ. ಎರಡು ಲೂಪುಗಳಿಗೂ ‘ಐ’ ಎಂಬ ಒಂದೇ ಹೆಸರನ್ನಿಟ್ಟರೆ, ಒಳಲೂಪು ಮುಗಿದಾಗ ಅದರ ಬೆಲೆ 3 ಆಗಿರುತ್ತದೆ. ಅನಂತರದ ಸಾಲು ಇಲ್ಲದ ಮೂರನೆಯ ತಾಲ್ಲೂಕನ್ನು ಹುಡುಕುತ್ತದೆ.

ಪರಿಹಾರವು ಕಷ್ಟದ್ದಲ್ಲ. ಉತ್ತರಗಳೆಷ್ಟು ಬರಬೇಕೆಂಬುದನ್ನು ಮೊದಲೇ ಕಾಗದದ ಮೇಲೆ ಬರೆದಿಡಬೇಕು. ಒಂದು ತಾಲ್ಲೂಕು, ಒಂದು ಚರಾಂಶಕ್ಕೆ ಮಾತ್ರ ಲೆಕ್ಕ ಮಾಡಿಸಿ, ಕೈಲೆಕ್ಕದೊಡನೆ ಹೋಲಿಸಬೇಕು. ಆಮೇಲೆ ಎರಡೂ ತಾಲ್ಲೂಕುಗಳಿಗೆ ನಡೆಸಿ, ಪ್ರತಿ ಸುತ್ತಿನಲ್ಲಿಯೂ ತಾಲ್ಲೂಕಿನ ಹೆಸರು, ಚರಾಂಶದ ಹೆಸರು, ಉತ್ತರ ಇವು ಮೂರನ್ನೂ ಅಚ್ಚು ಮಾಡಿಸಬೇಕು. ದೋಷವು ಯಾವ ಸುತ್ತಿನಲ್ಲಿ ಹೊಕ್ಕಿತೆಂಬುದು ಆಗ ತಾನಾಗಿಯೇ ಕಾಣುತ್ತದೆ.

ಇದು ಬರಿಯ ಪರೀಕ್ಷೆಯ ಅಂಕಗಳ ಮಾತಲ್ಲ. ಅಂಕಿಗಳನ್ನು ನಂಬಿ ಆರೋಗ್ಯ ಸಿಬ್ಬಂದಿಯು ಒಂದು ತಾಲ್ಲೂಕಿಗೆ ಹೋದಾಗ, ಅಳಿಸಿಹೋದ ಸಾಲಿನ ತಾಲ್ಲೂಕಿನಲ್ಲಿ ಸೌದೆಗೆಂದು ಕಾಡಿಗೆ ಹೋದವರು ಉಣುಗಿನ ಬಾಯಿಗೆ ಬೀಳುತ್ತಾರೆ. ಆದುದರಿಂದ ಲೂಪು ಬರೆಯುವುದನ್ನು ಕಲಿಸುವ ದಿನವೇ ಅದನ್ನು ಸಂಶಯಿಸುವುದನ್ನೂ ಕಲಿಸತಕ್ಕದ್ದು.