ತೋಟದ ಕೆಲಸ ಹೋದರೂ ಮನೆ ಉಳಿಯಬೇಕು
ಲೈನ್ ಮನೆಗಳ ಕುರಿತು ಕೊಡಗಿನ ಜನರಲ್ಲಿ ಮನವಿ

ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬೆಳೆಯುವುದು ನಮ್ಮ ಕೊಡಗಿನಲ್ಲಿ. 2024ರ ಸೆಪ್ಟೆಂಬರಿನಲ್ಲಿ ಲಂಡನ್ ಪೇಟೆಯಲ್ಲಿ ರೋಬಸ್ಟಾ ಬೆಲೆ ಟನ್ನಿಗೆ 5,000 ಡಾಲರ್ ದಾಟಿತು. ನಮ್ಮ ತೋಟಗಳೂ ಹಿಂದೆಂದೂ ಕಾಣದ ಬೆಲೆ ಕಂಡವು. ಆದರೆ ಹಣ್ಣು ಕೊಯ್ದವರು, ಕಪಾತು ಮಾಡಿದವರು, ಮೆಣಸಿನ ಬಳ್ಳಿಗೆ ಏಣಿ ಹತ್ತಿದವರು ಸಂಜೆ ಮರಳುವುದು ಅದೇ ಲೈನ್ ಮನೆಗೆ, ತೋಟದ ಮಾಲೀಕರು ಆಳುಗಳಿಗಾಗಿ ಕಟ್ಟಿಸಿದ ಸಾಲು ಕೋಣೆಗಳಿಗೆ. ಅವರಲ್ಲಿ ಯರವರು, ಜೇನು ಕುರುಬರು, ಬೆಟ್ಟ ಕುರುಬರು ಬಹಳ ಮಂದಿ. ಈ ನೆಲದಲ್ಲಿ ಅವರಿಗಿಂತ ಹಳಬರಿಲ್ಲ. ಆದರೂ ತಮ್ಮ ಹೆಸರಿಗೆ ಒಂದು ಸೆಂಟ್ ಜಾಗವೂ ಇಲ್ಲದ ಕುಟುಂಬಗಳು ಎಷ್ಟೋ.

ಬಡತನಕ್ಕೆ ಕೂಲಿ ಕಡಿಮೆ ಎಂಬುದೊಂದೇ ಕಾರಣವಲ್ಲ. ಕೂಲಿ ಕೊಡುವ ಕೈಯಲ್ಲೇ ಮನೆಯ ಬೀಗದ ಕೈಯೂ ಇದೆ. ಕೂಲಿ ಹೆಚ್ಚು ಕೇಳಿದರೆ ‘ಲೈನ್ ಖಾಲಿ ಮಾಡು’. ಬೇರೆ ತೋಟಕ್ಕೆ ಹೋಗುವೆನೆಂದರೆ ‘ಅಡ್ವಾನ್ಸ್ ತೀರಿಸಿ ಹೋಗು’. ಸ್ವಂತ ವಿಳಾಸವಿಲ್ಲದವರಿಗೆ ರೇಷನ್ ಕಾರ್ಡ್, ಜಾತಿ ಪತ್ರ, ಮತದಾರರ ಪಟ್ಟಿ ಎಲ್ಲದಕ್ಕೂ ಅಲೆದಾಟ. ಸರ್ಕಾರದ ವಸತಿ ಯೋಜನೆಗೆ ಅರ್ಜಿ ಹಾಕಿದರೆ ‘ನಿವೇಶನ ಎಲ್ಲಿದೆ?’ ಎಂಬ ಪ್ರಶ್ನೆ.

ಅರಸರ ಕಾಲದಲ್ಲಿ ಯರವರು ಜಮೀನಿಗೆ ಕಟ್ಟುಬಿದ್ದ ಆಳುಗಳಾಗಿದ್ದರು. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಜೀತದ ಸಾಲವನ್ನೇ ಅಳಿಸಿಹಾಕಿತು. ಕಾಗದದ ಮೇಲೆ ಕಟ್ಟು ಹರಿದಿದೆ. ಲೈನಿನಲ್ಲಿ ಇನ್ನೂ ಬಿಗಿಯಾಗಿಯೇ ಇದೆ. ದೇವರಪುರದ ಕುಂಡೆ ಹಬ್ಬದಂದು ಇದೇ ಜನ ವೇಷ ಕಟ್ಟಿ ದೇವರನ್ನೂ ಸಾಹುಕಾರನನ್ನೂ ಬಾಯಿಗೆ ಬಂದಂತೆ ಬಯ್ಯುತ್ತಾರೆ. ನಾವು ನಕ್ಕು ಕಾಸು ಕೊಡುತ್ತೇವೆ. ಹಬ್ಬ ಮುಗಿದ ಮೇಲೆ ನ್ಯಾಯವಾದ ಕೂಲಿಗೆ ದನಿ ಎತ್ತಿದರೆ ನಗುವವರು ಯಾರೂ ಇರುವುದಿಲ್ಲ.

ಈ ಲೈನ್ ಬದುಕು ಸಾಕೆಂದು ಹೊರಬಂದವರು ಸಿದ್ದಾಪುರ ಬಳಿಯ ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿಕೊಂಡರು. ಅವರು ಆ ಜಾಗವನ್ನು ಪೈಸಾರಿ, ಅಂದರೆ ಸರ್ಕಾರಿ ಜಾಗ ಎಂದರು, ಅರಣ್ಯ ಇಲಾಖೆ ಕಾಡು ಎಂದಿತು. 2016ರ ಡಿಸೆಂಬರ್ 7ರಂದು 577 ಕುಟುಂಬಗಳನ್ನು ಒಕ್ಕಲೆಬ್ಬಿಸಲಾಯಿತು. ತಿಂಗಳುಗಟ್ಟಲೆ ಹೋರಾಟ ನಡೆದ ಮೇಲೆ ಕುಶಾಲನಗರದ ಕಡೆ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಜಾಗ ಸಿಕ್ಕಿತು.

ಇನ್ನೊಂದು ಲೆಕ್ಕ ನೋಡಿ. ಸರ್ಕಾರಿ ಜಾಗ ಒತ್ತುವರಿ ಮಾಡಿ ಕಾಫಿ, ಏಲಕ್ಕಿ ಬೆಳೆದವರಿಗೆ 25 ಎಕರೆವರೆಗೆ, 30 ವರ್ಷ ಗುತ್ತಿಗೆ ಕೊಡಲು ರಾಜ್ಯ ಸರ್ಕಾರ ಭೂಕಂದಾಯ ಕಾಯ್ದೆಯನ್ನೇ ತಿದ್ದಿದೆ. ಎಕರೆಗಟ್ಟಲೆ ಒತ್ತಿದವರಿಗೆ ಗುತ್ತಿಗೆ, ಗುಡಿಸಲು ಕಟ್ಟಿದವರಿಗೆ ಜೆಸಿಬಿ! ಇದು ಯಾವ ನ್ಯಾಯ?

‘ಜಾಗ ಎಲ್ಲಿದೆ?’ ಎನ್ನುವವರಿದ್ದಾರೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮನೆ ಕಳೆದುಕೊಂಡವರಿಗೆ ಕರ್ಣಂಗೇರಿ, ಮದೆನಾಡು, ಜಂಬೂರಿನಲ್ಲಿ ಜಾಗ ಸಿಕ್ಕಿತು, ಮನೆಗಳೂ ಎದ್ದವು. ಮನಸ್ಸಿದ್ದಾಗ ಜಾಗವಿತ್ತು.

‘ಲೈನ್ ಬಿಟ್ಟರೆ ತೋಟಕ್ಕೆ ಆಳು ಸಿಗುವುದಿಲ್ಲ’ ಎನ್ನುವ ಭಯವೂ ಇದೆ. ಸ್ವಂತ ಮನೆಯಿದ್ದವರೂ ದುಡಿಯಲೇಬೇಕು. ಒಳ್ಳೆಯ ಕೂಲಿ, ಮರ್ಯಾದೆ ಇದ್ದ ಕಡೆ ಬರುತ್ತಾರೆ. ಲೈನ್ ಇದ್ದೂ ನಾವು ಇಂದು ಅಸ್ಸಾಮಿನಿಂದ ಆಳು ತರುತ್ತಿಲ್ಲವೇ?

‘ಬೆಳೆಗಾರರ ಕಷ್ಟ ಯಾರು ಕೇಳುತ್ತಾರೆ?’ ನಿಜ, ನಮ್ಮಲ್ಲಿ ಸಣ್ಣ ಬೆಳೆಗಾರರೇ ಹೆಚ್ಚು. ಆನೆ, ಅಕಾಲ ಮಳೆ, ಕೊಳೆರೋಗ ಅವರನ್ನೂ ಬಿಟ್ಟಿಲ್ಲ. ಅವರಿಗಾಗಿ 2010ರಲ್ಲಿ ಕಾಫಿ ಸಾಲ ಪರಿಹಾರ ಪ್ಯಾಕೇಜ್ ಬಂತು, ಬರಲೇಬೇಕಿತ್ತು. ಬೆಲೆ ಬಿದ್ದಾಗ ಬೆಳೆಗಾರನ ಕೈ ಹಿಡಿಯುವ ಸರ್ಕಾರ, ಬೆಲೆ ಏರಿದಾಗಲಾದರೂ ಕಾರ್ಮಿಕನ ಕಡೆ ನೋಡಬೇಡವೇ? ನಮ್ಮ ಬೇಡಿಕೆ ಸರ್ಕಾರದ ಮುಂದಿದೆ. ಯಾವ ಬೆಳೆಗಾರನ ತೋಟವನ್ನೂ ನಾವು ಕೇಳುತ್ತಿಲ್ಲ.

ನಾವು ಕೇಳುವುದು ಇಷ್ಟು:

1. ಲೈನ್ ಮನೆಯ ಪ್ರತಿ ಕುಟುಂಬದ ಮನೆಮನೆ ಸಮೀಕ್ಷೆ ನಡೆಯಲಿ, ಪಟ್ಟಿಯನ್ನು ಗ್ರಾಮ ಸಭೆಯಲ್ಲಿ ಓದಲಿ.

2. ಒತ್ತುವರಿ ಪೈಸಾರಿಯನ್ನು ಗುತ್ತಿಗೆ ಕೊಡುವ ಮೊದಲು, ಆ ಪಂಚಾಯಿತಿಯ ನಿವೇಶನರಹಿತರಿಗೆ ಬೇಕಾದಷ್ಟು ಜಾಗ ತೆಗೆದಿಡಲಿ.

3. ಹಕ್ಕುಪತ್ರ ಮನೆಯ ಹೆಣ್ಣಿನ ಹೆಸರಿಗೇ ಬರಲಿ.

4. ಅರಣ್ಯ ಹಕ್ಕು ಕಾಯ್ದೆ, 2006ರಡಿ ಸಲ್ಲಿಸಿದ ಅರ್ಜಿ ತೀರ್ಮಾನವಾಗುವವರೆಗೆ ಆದಿವಾಸಿಗಳ ಹಾಡಿಯಿಂದ ಯಾರನ್ನೂ ಎಬ್ಬಿಸದಿರಲಿ. ಇದು ದಯೆಯಲ್ಲ, ಕಾಯ್ದೆಯದೇ ಮಾತು.

5. ಮುಂಗಡದ ಹೆಸರಲ್ಲಿ ಯಾರನ್ನಾದರೂ ತೋಟದಲ್ಲಿ ತಡೆದಿಟ್ಟರೆ ಜೀತದ ಕಾಯ್ದೆಯಡಿ ಪ್ರಕರಣ ದಾಖಲಾಗಲಿ.

ಲೈನಿನಲ್ಲಿರುವ ಅಕ್ಕ-ಅಣ್ಣಂದಿರೇ, ಮುಂದಿನ ಗ್ರಾಮ ಸಭೆಗೆ ಒಬ್ಬೊಬ್ಬರಾಗಿ ಹೋಗಬೇಡಿ, ಗುಂಪಾಗಿ ಹೋಗಿ. ನಿವೇಶನದ ಅರ್ಜಿ ಕೊಟ್ಟು ಪಂಚಾಯಿತಿಯ ಪಿಡಿಒ ಕೈಯಿಂದ ಸ್ವೀಕೃತಿ ಪಡೆಯಿರಿ. ಬೆಳೆಗಾರ ಬಂಧುಗಳೇ, ಅಂದು ಅವರಿಗೆ ರಜೆ ಕೊಡಿ. ಸಾಧ್ಯವಾದರೆ ನೀವೂ ಬಂದು ಅವರ ಅರ್ಜಿಗೆ ದನಿಗೂಡಿಸಿ. ಓದುಬಲ್ಲ ಯುವಕರೇ, ಈ ಕರಪತ್ರವನ್ನು ಪಕ್ಕದ ಲೈನಿನಲ್ಲಿ ಗಟ್ಟಿಯಾಗಿ ಓದಿ ಹೇಳಿ, ಅರ್ಜಿ ಬರೆದುಕೊಡಿ.