ಎದೆಹಾಲಿಗಿಲ್ಲದ ಮೈಲಿಗೆ ಮಾಸಿಗೆ ಮಾತ್ರ ಯಾಕೆ?

ಸುಮಾರು ದಿನ ಆಯ್ತು ಬ್ಲಾಗಿನ ಕಡೆ ತಲೆ ಹಾಕಿ. ಊರಿಗೆ, ಗುಡವಿಗೆ ಹೋಗಿದ್ದೆ. ಹಕ್ಕಿಗಳ ಫೋಟೋ ಹಾಕ್ತೀನಿ ಅಂತ ಕಾದವರು ಕ್ಷಮಿಸಿ, ಈ ಸಲ ಬರೀ ಜಗಳ.

ನಮ್ಮ ದೊಡ್ಡಪ್ಪನ ಬಲಗಣ್ಣಲ್ಲಿ, ಕಪ್ಪು-ಬಿಳಿ ಸೇರುವ ಅಂಚಿನಲ್ಲಿ, ಬೆಳ್ಳಗೆ ಒಂದು ಗಂಟು ಎದ್ದಿತ್ತು. ಕೆರೆಯ ಆಚೆ ದಡದ ಮರದಲ್ಲಿ ಕೂತದ್ದು ಬೆಳ್ಳಕ್ಕಿಯೋ ಕೆಂಬರಲೋ ಅಂತ ಕೊಕ್ಕಿನ ಬಾಗು ನೋಡಿಯೇ ಹೇಳುತ್ತಿದ್ದ ಕಣ್ಣು ಅದು. "ಪೊರೆ ಬಂದಿದೆ" ಅಂದರು ಊರವರು. ಅಲ್ಲ ಸ್ವಾಮಿ, ಪೊರೆ ಬರೋದು ಕಣ್ಣಿನ ಒಳಗೆ, ಇದು ಇದ್ದದ್ದು ಮೇಲೆ! ಮೆಡಿಕಲ್ ಶಾಪಿನ ಡ್ರಾಪ್ಸ್ ಹಾಕಿಕೊಂಡು ಒಂದು ವರ್ಷ ಹೋಯಿತು. ಕೊನೆಗೆ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಡಾಕ್ಟರು, ಇದು ಕಣ್ಣಿನ ಮೇಲ್ಪದರದ ಕ್ಯಾನ್ಸರ್ ಇದ್ದಂತಿದೆ, ಸುತ್ತಲಿನ 3-4 ಮಿ.ಮೀ. ಒಳ್ಳೆ ಭಾಗವನ್ನೂ ಸೇರಿಸಿ ತೆಗೆಯಬೇಕು, ತೆಗೆದದ್ದನ್ನು ಬಯಾಪ್ಸಿಗೆ ಕಳಿಸಬೇಕು ಅಂದರು. ಇಲ್ಲಿವರೆಗೆ ಯಾರ ತಕರಾರೂ ಇಲ್ಲ. "ತೆಗೆದ ಜಾಗಕ್ಕೆ ಬಾಣಂತಿಯ ಮಾಸಿನಿಂದ ಬಿಡಿಸಿದ ಪೊರೆ ಹಚ್ಚುತ್ತೇವೆ" ಅಂದರು ನೋಡಿ, ಶುರುವಾಯಿತು!

"ಯಾರದೋ ಕಸವಂತೆ! ಯಾವ ಜಾತಿಯವಳದೋ!" ಅಂದರು ಅತ್ತೆ. "ಆ ಕಣ್ಣಲ್ಲಿ ದೇವರನ್ನ ನೋಡೋದು ಹೆಂಗೆ?" ಅಂತ ಇನ್ನೊಬ್ಬರು. ಬೆಂಗಳೂರಿನ ಇಂಜಿನಿಯರ್ ಭಾವ ಫೋನಿನಲ್ಲೇ, "ತೊಡೆ ಚರ್ಮ ಹಾಕೋಕೆ ಹೇಳು" ಅಂದ. ಇದೇ ಚರ್ಚೆಯಲ್ಲಿ ಎರಡು ತಿಂಗಳು. ಗಂಟು ಮಾತ್ರ ಯಾರ ಒಪ್ಪಿಗೆಗೂ ಕಾಯದೆ ಬೆಳೆಯುತ್ತಲೇ ಇತ್ತು.

ಭಾವನಿಗೆ ಮೊದಲು ಹೇಳಿಬಿಡ್ತೀನಿ. ತೊಡೆ ಚರ್ಮ ಒಣ ಚರ್ಮ, ರೋಮ ಬೇರೆ ಇರುತ್ತೆ. ರೆಪ್ಪೆ ಮುಚ್ಚಿದಾಗಲೆಲ್ಲ ಕಣ್ಣನ್ನು ಉಜ್ಜುತ್ತೆ. ಇನ್ನೊಂದು ಕಣ್ಣಿನ ಬಿಳಿಪದರ ತೆಗೆದು ಹಾಕಬಹುದು, ಹಾಕ್ತಾರೆ ಕೂಡ. ಆದರೆ ಅಲ್ಲಿರೋದೇ ಸ್ವಲ್ಪ, ಅದೂ ಒಳ್ಳೆ ಕಣ್ಣಿಗೆ ಗಾಯ ಮಾಡಿ. ಅಷ್ಟು ದೊಡ್ಡ ಗಾಯ ಹಾಗೇ ಬಿಟ್ಟರೆ ಕಲೆಗಟ್ಟಿ ರೆಪ್ಪೆ ಗುಡ್ಡೆಗೆ ಅಂಟಿಕೊಳ್ಳಬಹುದು, ಕಣ್ಣು ಸರಿಯಾಗಿ ತಿರುಗೋದೇ ಇಲ್ಲ.

ಇನ್ನು ಆ 'ಕಸ'. ಹೊಟ್ಟೆಯಲ್ಲಿ ಮಗುವನ್ನು ಸುತ್ತಿಕೊಂಡಿರುವ, ಈರುಳ್ಳಿಯ ಒಳಪೊರೆಯಂಥ ತೆಳು ಪದರ ಅದು. ಆಮ್ನಿಯಾಟಿಕ್ ಮೆಂಬ್ರೇನ್ ಅಂತಾರೆ. ಸಿಜೇರಿಯನ್ ಹೆರಿಗೆಯಲ್ಲಿ ತಾಯಿಯ ಒಪ್ಪಿಗೆ ಪಡೆದು, ಎಚ್‌ಐವಿ, ಹೆಪಟೈಟಿಸ್, ಸಿಫಿಲಿಸ್ ಎಲ್ಲ ಪರೀಕ್ಷೆ ಮಾಡಿ ಶೇಖರಿಸಿಡುತ್ತಾರೆ. ರಕ್ತನಾಳವೇ ಇಲ್ಲ ಅದರಲ್ಲಿ. ಬೇರೆಯವರದು ಅಂತ ನಮ್ಮ ದೇಹ ಜಗಳ ತೆಗೆಯೋದೂ ತೀರಾ ಕಡಿಮೆ (ದೇಹಕ್ಕಿರೋ ಬುದ್ಧಿ ಜಗಲಿಗೆ ಇಲ್ಲ!). ಗಾಯದ ಮೇಲೆ ಹಾಸಿದರೆ ಸುತ್ತಲಿನ ನಮ್ಮದೇ ಜೀವಕೋಶಗಳು ಅದರ ಮೇಲೆ ಹರಡಿಕೊಳ್ಳುತ್ತವೆ. ಕಪ್ಪಿನ ಅಂಚು ತುಂಬಾ ಹೋಗಿದ್ದರೆ ಇದೊಂದೇ ಸಾಲದು, ಇನ್ನೊಂದು ಕಣ್ಣಿನ ಅಂಚಿನಿಂದ ಚೂರು ತಂದು ನೆಡಬೇಕಾಗುತ್ತೆ. ಹೊಸ ಹುಚ್ಚಾಟವೂ ಅಲ್ಲ, 1940ರಲ್ಲೇ ಕಣ್ಣಿಗೆ ಬಳಸಿದ್ದಾರೆ. 1995ರ ಹೊತ್ತಿಗೆ ಮತ್ತೆ ಚಾಲ್ತಿಗೆ ಬಂತು.

ಈಗ ಅತ್ತೆಗೆ. ನನಗೆ ಚಿಕ್ಕಂದಿನಲ್ಲಿ ಕಣ್ಣುಬೇನೆ ಬಂದಾಗ ಪಕ್ಕದ ಮನೆ ಬಾಣಂತಿಯ ಎದೆಹಾಲು ತಂದು ಕಣ್ಣಿಗೆ ಬಿಟ್ಟವರು ನೀವೇ ಅಲ್ವಾ? (ಅದು ತಪ್ಪು, ಯಾರೂ ಮಾಡಬೇಡಿ.) ಆವಾಗ ಎಲ್ಲಿತ್ತು ಮೈಲಿಗೆ? 2006ರಲ್ಲಿ ಡಾ. ರಾಜ್ ತೀರಿಕೊಂಡು ಕಣ್ಣು ದಾನವಾದಾಗ ಎಲ್ಲರೂ ಕೈ ಮುಗಿದೆವು. 2021ರಲ್ಲಿ ಪುನೀತ್ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದಾಗ ನೀವೂ ಟೀವಿ ಮುಂದೆ ಅತ್ತಿರಿ. ಸತ್ತವರದ್ದು ಮಹಾದಾನ, ಹುಟ್ಟಿನ ಜೊತೆ ಬಂದದ್ದು ಮೈಲಿಗೆ. ಇದ್ಯಾವ ಲೆಕ್ಕ? ನೀವು, ನಾನು, ಪೂಜೆ ಮಾಡೋ ಭಟ್ಟರು, ಎಲ್ಲರೂ ಅದೇ ಪೊರೆಯೊಳಗೆ ಒಂಬತ್ತು ತಿಂಗಳು ಇದ್ದು ಬಂದವರೇ.

ಕೊನೆಗೆ ದೊಡ್ಡಪ್ಪನೇ "ಕಣ್ಣು ನಂದು, ಮುಚ್ಚಿ ಬಾಯಿ" ಅಂದರು. ಆಪರೇಷನ್ ಆಯಿತು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತಲೇ ಬಂತು, ಅಂಚು ಶುದ್ಧವಾಗಿದೆ. ಮತ್ತೆ ಬರಬಹುದು ಅಂತ ಆಗಾಗ ತೋರಿಸುತ್ತಿರಬೇಕು.

ಚೌತಿ ಪೂಜೆಗೆ ಅವರೇ ಕೂತಿದ್ದರು. ಅತ್ತೆ ಆರತಿ ತಗೊಂಡರು. ಪ್ರಸಾದಕ್ಕೆ ಮಾತ್ರ, "ಹೊಟ್ಟೆ ಸರಿ ಇಲ್ಲ" ಅಂದರು.